ಸೇವೆಗೆ ಬಂದವರ ಕಲಿಕೆ

ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ವಯಸ್ಕರ ವಿಶ್ವಾಸ ಶಿಕ್ಷಣವನ್ನೂ ಸ್ವಯಂಸೇವಕರ ಹೊಂದಾಣಿಕೆಯನ್ನೂ ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿರುವ ನನಗೆ, ಈ ಎರಡು ಹೊಣೆಗಳನ್ನು ಬೇರೆ ಬೇರೆ ಸಮಿತಿಗಳಿಗೆ ಹಂಚಿಬಿಡುವ ರೂಢಿಯೇ ಅನೇಕ ತೊಡಕುಗಳ ಮೂಲವೆಂದು ತೋರುತ್ತದೆ. ಒಂದು ಸಮಿತಿ ಉಪನ್ಯಾಸಗಳನ್ನು ಏರ್ಪಡಿಸಿ, ಕೇಳಲು ಜನ ಬರಲಿಲ್ಲವೆಂದು ಕೊರಗುತ್ತದೆ. ಇನ್ನೊಂದು ಸಮಿತಿ, ಕೆಲಸಕ್ಕೆ ಯಾರೂ ಮುಂದೆ ಬರುತ್ತಿಲ್ಲವೆಂದು ಹೇಳುತ್ತಲೇ, ಕೈಗೆ ಸಿಕ್ಕ ನಾಲ್ಕಾರು ಮಂದಿಯ ಮೇಲೆ ಗಾನವೃಂದದಿಂದ ಹಿಡಿದು ಹಬ್ಬದ ಕುರ್ಚಿ ಜೋಡಿಸುವವರೆಗೆ ಎಲ್ಲವನ್ನೂ ಹೇರುತ್ತದೆ. ಹೀಗೆ ದುಡಿಯುವವರಿಗೆ ಕಲಿಯಲು ಬಿಡುವಿಲ್ಲ. ಕಲಿಯಲು ಬರುವ ಕೆಲವರಿಗೆ, ಕಲಿತದ್ದನ್ನು ಎಲ್ಲಿ ಬಳಸಬೇಕೆಂದು ಯಾರೂ ತೋರಿಸುವುದಿಲ್ಲ.

ಮಕ್ಕಳ ಧರ್ಮೋಪದೇಶಕ್ಕೆ ಹಾಜರಿ ಪುಸ್ತಕ, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಇರುತ್ತವೆ. ದೃಢೀಕರಣ ಸಂಸ್ಕಾರ ಮುಗಿದ ಮೇಲೆ ಅದೇ ಮನುಷ್ಯನಿಗೆ ತಪಸ್ಸುಕಾಲದ ಒಂದು ಧ್ಯಾನಕೂಟ ಸಾಕೆಂದು ನಾವು ಏಕೆ ಭಾವಿಸಿದೆವೋ ತಿಳಿಯದು. ಧರ್ಮಸಭೆ ಹಾಗೆ ಭಾವಿಸಿಲ್ಲ. ಪೋಪ್ ಎರಡನೆಯ ಜಾನ್ ಪಾಲ್ ಅವರು 1979ರಲ್ಲಿ ಧರ್ಮೋಪದೇಶವನ್ನು ಕುರಿತು ಬರೆದ ಪ್ರಬೋಧನಾ ಪತ್ರದಲ್ಲಿ, ಹೆಚ್ಚಿನ ಹೊಣೆಗಳನ್ನು ಹೊತ್ತವರೂ ಕ್ರೈಸ್ತ ಸಂದೇಶವನ್ನು ಪೂರ್ಣವಾಗಿ ಬಾಳಬಲ್ಲವರೂ ವಯಸ್ಕರೇ ಆದ್ದರಿಂದ, ಅವರಿಗೆ ನೀಡುವ ಶಿಕ್ಷಣವೇ ಧರ್ಮೋಪದೇಶದ ಪ್ರಧಾನ ರೂಪವೆಂದು ಹೇಳಿದ್ದಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 776ನೆಯ ಕಲಮು ಧರ್ಮಕೇಂದ್ರದ ಗುರುಗಳ ಹೊಣೆಯನ್ನು ವಿವರಿಸುವಾಗ ವಯಸ್ಕರನ್ನು ಯುವಜನರಿಗಿಂತಲೂ ಮಕ್ಕಳಿಗಿಂತಲೂ ಮೊದಲು ಹೆಸರಿಸುತ್ತದೆ. ಅದೇ ಕಲಮು ಈ ಕೆಲಸದಲ್ಲಿ ಶ್ರೀಸಾಮಾನ್ಯರ, ಅಂದರೆ ಗುರುಗಳಲ್ಲದ ವಿಶ್ವಾಸಿಗಳ, ನೆರವನ್ನು ಪಡೆಯಬೇಕೆಂದೂ ಹೇಳುತ್ತದೆ. ಶಿಕ್ಷಣವೂ ಸೇವೆಯೂ ಅಲ್ಲಿ ಒಂದೇ ಕಲಮಿನಲ್ಲಿ ಕೂಡಿ ಬಂದಿವೆ. ಅವುಗಳನ್ನು ಬಿಡಿಸಿ ಬೇರೆ ಮಾಡಿದವರು ನಾವು.

ಆದ್ದರಿಂದ ಹೊಸ ತರಗತಿಗಳನ್ನು ತೆರೆಯುವುದಕ್ಕಿಂತ, ಈಗಾಗಲೇ ಸೇವೆಯಲ್ಲಿರುವವರ ಕೆಲಸದೊಳಗೇ ಕಲಿಕೆಯನ್ನು ಸೇರಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಇದಕ್ಕೆ, ಬಲಿಪೂಜೆಯಲ್ಲಿ ಬೈಬಲ್ ಪಾಠಗಳನ್ನು ಓದುವ ವಾಚಕರ ಗುಂಪು ಅತ್ಯಂತ ತಕ್ಕದ್ದು. ಭಾನುವಾರದ ವಾಚನಗಳನ್ನು ಉಚ್ಚಾರ ಸರಿಪಡಿಸಿಕೊಳ್ಳಲೆಂದು ವಾರದ ನಡುವೆ ಒಮ್ಮೆ ಸೇರಿ ಓದುವ ವಾಚಕರು, ಅರ್ಧ ಗಂಟೆ ಹೆಚ್ಚು ಕುಳಿತರೆ ಅದೇ ಬೈಬಲ್ ಅಧ್ಯಯನವಾಗುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಿಂದ ಬಳಕೆಗೆ ಬಂದ ವಾಚನಗ್ರಂಥದಲ್ಲಿ ಭಾನುವಾರದ ಪಾಠಗಳು ಮೂರು ವರ್ಷಗಳ ಆವರ್ತನದಲ್ಲಿ ಬರುತ್ತವೆ. ಸಾಧಾರಣ ಕಾಲದಲ್ಲಿ, ಅಂದರೆ ಕ್ರಿಸ್ಮಸ್ ಮತ್ತು ಪಾಸ್ಕ ಹಬ್ಬಗಳ ಕಾಲಗಳ ಹೊರಗಿನ ವಾರಗಳಲ್ಲಿ, ಮೊದಲನೆಯ ವಾಚನವನ್ನು ಅಂದಿನ ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿರುತ್ತದೆ, ಎರಡನೆಯದು ಮಾತ್ರ ತನ್ನದೇ ಓಟದಲ್ಲಿ ಸಾಗುತ್ತದೆ. ಹಲವು ವರ್ಷ ಓದಿದ ವಾಚಕರಲ್ಲೂ ಇದನ್ನು ಗಮನಿಸದವರಿದ್ದಾರೆ.

ಮೂರನೆಯ ವರ್ಷದ, ಅಂದರೆ ಲೂಕನ ಶುಭಸಂದೇಶದ ವರ್ಷದ, ಸಾಧಾರಣ ಕಾಲದ ಹದಿಮೂರನೆಯ ಭಾನುವಾರವನ್ನೇ ನೋಡಿ. ಹನ್ನೆರಡು ಜೋಡಿ ಎತ್ತುಗಳೊಡನೆ ಹೊಲ ಉಳುತ್ತಿದ್ದ ಎಲೀಷನ ಮೇಲೆ ಪ್ರವಾದಿ ಎಲೀಯ ತನ್ನ ಕಂಬಳಿಯನ್ನು ಹಾಕುತ್ತಾನೆ. ಎಲೀಷನು ತಂದೆತಾಯಿಯರಿಗೆ ಮುತ್ತಿಟ್ಟು ಬರುತ್ತೇನೆಂದು ಹೇಳಿ, ಎತ್ತುಗಳನ್ನು ಕೊಯ್ದು, ಅವುಗಳ ನೊಗವನ್ನೇ ಸೌದೆ ಮಾಡಿ ಜನರಿಗೆ ಉಣಬಡಿಸಿ ಹೊರಡುತ್ತಾನೆ. ಅಂದಿನ ಶುಭಸಂದೇಶದಲ್ಲಿ, ಮನೆಯವರಿಗೆ ಹೇಳಿ ಬರುತ್ತೇನೆ ಎಂದವನಿಗೆ ಯೇಸುವಿನಿಂದ ಸಿಗುವ ಉತ್ತರ, ನೇಗಿಲಿಗೆ ಕೈಯಿಟ್ಟು ಹಿಂದೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲ ಎಂಬುದು. ಎರಡನ್ನೂ ಒಟ್ಟಿಗೆ ಓದಿದಾಗ, ಎಲೀಯನು ಕೊಟ್ಟ ಅವಕಾಶವನ್ನು ಯೇಸು ಏಕೆ ಕೊಡಲಿಲ್ಲ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮುಪ್ಪಿನ ತಂದೆತಾಯಿಯರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಆ ಪ್ರಶ್ನೆ ಬರಿಯ ಪಾಠದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆ ಚರ್ಚೆಯ ನಂತರ ವಾಚನಪೀಠದ ಮುಂದೆ ನಿಂತು ಓದುವವರ ದನಿಯಲ್ಲೇ ವ್ಯತ್ಯಾಸ ಕೇಳುತ್ತದೆ. ಇದನ್ನು ನಡೆಸಿಕೊಡುವವರು ಪಂಡಿತರೇ ಆಗಬೇಕಿಲ್ಲ, ಆದರೆ ಟಿಪ್ಪಣಿಗಳಿರುವ ಬೈಬಲನ್ನು ಮೊದಲೇ ಓದಿಕೊಂಡು ಬಂದಿರಬೇಕು. ಉತ್ತರ ಗೊತ್ತಿಲ್ಲದಾಗ ಗುರುಗಳನ್ನು ಕೇಳಿ ಮುಂದಿನ ವಾರ ತಿಳಿಸುತ್ತೇನೆಂದು ಹೇಳುವ ಧೈರ್ಯವೂ ಇರಬೇಕು.

ವಯಸ್ಕರಾಗಿ ಧರ್ಮಸಭೆಗೆ ಸೇರಬಯಸುವವರಿಗಾಗಿ 1972ರಲ್ಲಿ ಪ್ರಕಟವಾದ ವಿಧಿಯೂ ಇದೇ ದಾರಿಯನ್ನು ತೋರಿಸುತ್ತದೆ. ಅದು ದೀಕ್ಷಾರ್ಥಿಗಳನ್ನು ಸಿದ್ಧಗೊಳಿಸುವ ಕೆಲಸವನ್ನು ಗುರುಗಳೊಬ್ಬರಿಗೇ ಬಿಡದೆ, ಇಡೀ ಸಮುದಾಯಕ್ಕೆ ವಹಿಸುತ್ತದೆ. ಒಬ್ಬ ದೀಕ್ಷಾರ್ಥಿಗೆ ಜೊತೆಗಾರರಾಗಿ ಒಪ್ಪಿಕೊಂಡ ಹುಟ್ಟು ಕಥೋಲಿಕರು, ತಾವು ಬಾಲ್ಯದಿಂದ ಬಾಯಿಪಾಠವಾಗಿ ಹೇಳಿಕೊಂಡು ಬಂದ ವಿಶ್ವಾಸಪ್ರಮಾಣದ ಸಾಲು ಸಾಲಿಗೂ ಅರ್ಥ ಹೇಳಬೇಕಾಗಿ ಬಂದಾಗ, ದೀಕ್ಷಾರ್ಥಿಗಿಂತ ಹೆಚ್ಚು ಓದುತ್ತಾರೆ. 1992ರಲ್ಲಿ ಪೋಪರ ಅನುಮೋದನೆ ಪಡೆದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2865 ಪರಿಚ್ಛೇದಗಳಿವೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿಸುವ ಯೋಜನೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಆದರೆ ಜೊತೆಗಾರರು ತಮ್ಮ ಮುಂದಿರುವ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಅದರೊಳಗೆ ಇಳಿದರೆ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಪಾಸ್ಕ ಹಬ್ಬದ ಜಾಗರಣೆಯಲ್ಲಿ ಸಂಸ್ಕಾರಗಳನ್ನು ಪಡೆದವರಿಗೆ ಆ ನಂತರದ ವಾರಗಳಲ್ಲಿ ಮುಂದುವರಿದ ಬೋಧನೆ ಇರಬೇಕೆಂದು ವಿಧಿ ಹೇಳುತ್ತದೆ. ದುರದೃಷ್ಟವಶಾತ್ ಫೋಟೊ ತೆಗೆಸಿಕೊಂಡ ಕೂಡಲೇ ಎಲ್ಲವೂ ಮುಗಿಯಿತೆಂಬಂತೆ ನಾವು ಚದುರಿಬಿಡುತ್ತೇವೆ. ಹೊಸಬರಿಗೆ ಯಾವುದಾದರೂ ಒಂದು ಸೇವೆಯ ಗುಂಪಿನ ಪರಿಚಯ ಮಾಡಿಸಲು ಆ ವಾರಗಳಿಗಿಂತ ಒಳ್ಳೆಯ ಸಮಯವಿಲ್ಲ.

ಇನ್ನು ಕರೆಯುವ ರೀತಿ. ಬಲಿಪೂಜೆಯ ಕೊನೆಯಲ್ಲಿ, ಆಸಕ್ತರು ಹೆಸರು ಕೊಡಬೇಕೆಂದು ಓದುವ ಪ್ರಕಟಣೆಗೆ ಹೆಸರು ಕೊಡುವವರು ಸಾಮಾನ್ಯವಾಗಿ ಈಗಾಗಲೇ ಮೂರು ಕಡೆ ಇರುವವರೇ. ಹೊಸಬರು ಬರಬೇಕಾದರೆ ಯಾರಾದರೂ ಅವರ ಹೆಸರು ಹಿಡಿದು ಕೇಳಬೇಕು. ಕೆಲಸ ಯಾವುದು, ವಾರಕ್ಕೆ ಎಷ್ಟು ಹೊತ್ತು, ಯಾವ ತಿಂಗಳವರೆಗೆ, ಯಾರು ಕಲಿಸಿಕೊಡುತ್ತಾರೆ ಎಂಬುದನ್ನು ಆಗಲೇ ಹೇಳಬೇಕು. ಅವಧಿಯನ್ನು ಹೇಳದೆ ಕೊಟ್ಟ ಕೆಲಸವನ್ನು ಬಿಡುವವರು ಸಂಕೋಚಪಟ್ಟು, ಕೊನೆಗೆ ಚರ್ಚಿಗೇ ಬರುವುದನ್ನು ಕಡಿಮೆ ಮಾಡುತ್ತಾರೆ. ಬೇಡವೆನ್ನಲು ಅವಕಾಶವಿಟ್ಟೇ ಕೇಳುವುದು ಸೌಜನ್ಯ. ಮಕ್ಕಳ ನಡುವೆ ಕೆಲಸ ಮಾಡುವವರ ಹಿನ್ನೆಲೆಯ ಪರಿಶೀಲನೆ ಮತ್ತು ಮಕ್ಕಳ ರಕ್ಷಣೆಯ ತರಬೇತಿಯಿಂದ ಮಾತ್ರ, ಎಷ್ಟೇ ಪರಿಚಿತರಾಗಿರಲಿ, ಯಾರಿಗೂ ವಿನಾಯಿತಿ ಕೊಡಬಾರದು. ಇದರಿಂದ ಮನನೋಯುವ ಹಿರಿಯರಿಗೆ ಗುರುಗಳೇ ಮುಂದಾಗಿ ಕಾರಣವನ್ನು ವಿವರಿಸುವುದು ಲೇಸು.

ಹಣದ ಮಾತು ಕೊನೆಗೆ ಬರುತ್ತದೆ, ಅಷ್ಟರಲ್ಲಿ ಹಣ ಮುಗಿದಿರುತ್ತದೆ. ಧರ್ಮಕೇಂದ್ರದ ಪಾಲನಾ ಕಾರ್ಯದಲ್ಲಿ ನೆರವಾಗುವ ಪಾಲನಾ ಸಮಿತಿಯ ಸ್ಥಾಪನೆಯನ್ನು ಧರ್ಮಸಭೆಯ ಕಾನೂನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದೆ, ಅದರ ಮತವೂ ಸಲಹಾರೂಪದ್ದು. ಹಣಕಾಸು ಸಮಿತಿಯಾದರೋ ಪ್ರತಿ ಧರ್ಮಕೇಂದ್ರದಲ್ಲೂ ಕಡ್ಡಾಯ. ಆದ್ದರಿಂದ ವಯಸ್ಕರ ಶಿಕ್ಷಣದ ಪುಸ್ತಕಗಳು, ತರಬೇತಿಗೆ ಹೋಗಿಬರುವ ವೆಚ್ಚ, ಸಭೆಯ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇವುಗಳನ್ನೆಲ್ಲ ವರ್ಷದ ಆಯವ್ಯಯದಲ್ಲಿ ಪ್ರತ್ಯೇಕ ಬಾಬತ್ತಾಗಿ ಬರೆಸುವಂತೆ ಹಣಕಾಸು ಸಮಿತಿಯ ಮುಂದೆ ಹೋಗಿ ಕೇಳಬೇಕು. ಮೂರನೆಯದನ್ನು ಅನಗತ್ಯವೆಂದು ಹೊಡೆದುಹಾಕುವವರು ಇದ್ದೇ ಇರುತ್ತಾರೆ. ಚಿಕ್ಕ ಮಕ್ಕಳ ತಾಯಂದಿರು ಯಾವ ಸಭೆಗೂ ಏಕೆ ಬರುವುದಿಲ್ಲವೆಂದು ಮರುವರ್ಷ ಕೇಳುವವರೂ ಅವರೇ.