ದೇವಸ್ಥಾನಗಳನ್ನು ಸರ್ಕಾರ ಬಿಟ್ಟುಕೊಡಬೇಕೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸರ್ಕಾರದ ವಶದಲ್ಲಿರುವ ದೇವಸ್ಥಾನಗಳನ್ನು ನೋಡಿಕೊಳ್ಳುವ ಮುಜರಾಯಿ ಇಲಾಖೆಯ ಬಗ್ಗೆ ಆಗಾಗ ಬರೆಯುವ ನನ್ನನ್ನು ಓದುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ಜಾತ್ಯತೀತ ಎಂದು ಹೇಳಿಕೊಳ್ಳುವ ಸರ್ಕಾರಕ್ಕೆ ದೇವಸ್ಥಾನದಲ್ಲಿ ಏನು ಕೆಲಸ, ಹುಂಡಿಯ ಹಣವನ್ನು ಖಜಾನೆಗೆ ಹಾಕಿಕೊಂಡು ಬೇರೆ ಧರ್ಮದವರಿಗೆ ಹಂಚುವುದು ಯಾವ ನ್ಯಾಯ?

ಎರಡನೆಯ ಭಾಗಕ್ಕೆ ಉತ್ತರ ಸುಲಭ. ನಂಜನಗೂಡಿನಂಥ ದೊಡ್ಡ ದೇವಸ್ಥಾನದಲ್ಲಿ ಅಧಿಕಾರಿಗಳ ಸಮ್ಮುಖದಲ್ಲಿ ಹುಂಡಿ ತೆರೆದು, ನೋಟು, ನಾಣ್ಯ, ಚಿನ್ನ, ಬೆಳ್ಳಿಗಳನ್ನು ಬೇರ್ಪಡಿಸಿ ಎಣಿಸಿ ಬ್ಯಾಂಕಿನವರಿಗೆ ಒಪ್ಪಿಸಿದ ಹಣ ಜಮೆಯಾಗುವುದು ಆ ದೇವಸ್ಥಾನದ ಖಾತೆಗೇ. ಅದರಿಂದ ಹೊರಹೋಗುವ ಕಡ್ಡಾಯದ ಪಾಲೆಂದರೆ ಸಾಮಾನ್ಯ ಸಂಗ್ರಹಣಾ ನಿಧಿಗೆ ಸಲ್ಲುವ ವಂತಿಗೆ. ಹಿಂದೂ ಧಾರ್ಮಿಕ ಸಂಸ್ಥೆಗಳ ಕುರಿತ ರಾಜ್ಯದ 1997ರ ಕಾಯಿದೆಗೆ 2011ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ವರ್ಷಕ್ಕೆ 5ರಿಂದ 10 ಲಕ್ಷ ರೂಪಾಯಿ ವರಮಾನವುಳ್ಳ ದೇವಸ್ಥಾನಗಳಿಂದ ನಿವ್ವಳ ಆದಾಯದ ಶೇ. 5, ಅದನ್ನು ಮೀರಿದವುಗಳಿಂದ ಶೇ. 10. ಈ ನಿಧಿ ಸಲ್ಲಬೇಕಾದದ್ದು ಆದಾಯವಿಲ್ಲದ ಹಿಂದೂ ಧಾರ್ಮಿಕ ಸಂಸ್ಥೆಗಳಿಗೆ. 2024ರಲ್ಲಿ ಈ ದರಗಳನ್ನು ಬದಲಿಸುವ ಮಸೂದೆ ವಿಧಾನ ಪರಿಷತ್ತಿನಲ್ಲಿ ಸೋತಾಗ ಎದ್ದ ಗದ್ದಲದಲ್ಲಿ ಇಷ್ಟು ಸರಳವಾದ ಸಂಗತಿಯೂ ಮುಚ್ಚಿಹೋಯಿತು.

ಸರ್ಕಾರಕ್ಕೆ ಅಲ್ಲೇನು ಕೆಲಸ ಎಂಬುದಕ್ಕೆ ಉತ್ತರ ಹುಡುಕಹೊರಟರೆ ಹುಂಡಿಯನ್ನು ಬಿಟ್ಟು ಜಮೀನಿನ ಕಡೆಗೆ ಹೋಗಬೇಕಾಗುತ್ತದೆ. ಹಳೆಯ ಮೈಸೂರು ಸೀಮೆಯ ಊರೂರಿನ ಗುಡಿಗಳು ಬದುಕಿದ್ದು ಇನಾಂ ಭೂಮಿಯ, ಅಂದರೆ ದೇವರ ಸೇವೆಗೆಂದು ದಾನವಾಗಿ ಬಿಟ್ಟ ಜಮೀನಿನ ಮೇಲೆ. 1955ರ ಕಾಯಿದೆ ಧಾರ್ಮಿಕ ಇನಾಂಗಳನ್ನು ರದ್ದುಪಡಿಸಿತು, ಆಮೇಲಿನ ಭೂಸುಧಾರಣೆ ಉಳುವವರಿಗೆ ಹೊಲ ಕೊಟ್ಟಿತು, ಕಳೆದುಕೊಂಡ ಭೂಮಿಗೆ ಬದಲಾಗಿ ಗುಡಿಗಳಿಗೆ ತಸ್ತೀಕು, ಅಂದರೆ ಸರ್ಕಾರ ವರ್ಷವರ್ಷ ಕೊಡುವ ಹಣ, ನಿಗದಿಯಾಯಿತು. ಉಳುವವರಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಅದರೊಂದಿಗೆ ದೀಪದ ಎಣ್ಣೆ, ನೈವೇದ್ಯ, ಅರ್ಚಕರ ಜೀವನ ಇವೆಲ್ಲ ಸರ್ಕಾರದ ಋಣವಾದವು. ಮುಜರಾಯಿಗೆ ಸೇರಿದ ದೇವಸ್ಥಾನಗಳಲ್ಲಿ ಬಹುಪಾಲು 5 ಲಕ್ಷಕ್ಕಿಂತ ಕಡಿಮೆ ಆದಾಯದ ‘ಸಿ’ ವರ್ಗದವು. ಸರ್ಕಾರ ಇಂದೇ ಹೊರನಡೆದರೆ ಕೊಲ್ಲೂರಿಗೆ ಏನೂ ಆಗದು. ಬೀಗ ಬೀಳುವುದು ಇಂಥ ಗುಡಿಗಳಿಗೆ.

ಎಲ್ಲೆ ಎಲ್ಲಿರಬೇಕೆಂಬುದನ್ನು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ, ಅದೂ ನಮ್ಮ ಉಡುಪಿಯ ಶೀರೂರು ಮಠದ ಪ್ರಕರಣದಲ್ಲೇ ಹೇಳಿದೆ. ಕೃಷ್ಣಮಠದ ಪೂಜೆಯನ್ನು ಸರದಿಯಲ್ಲಿ ವಹಿಸಿಕೊಳ್ಳುವ ಪರ್ಯಾಯದ ವೆಚ್ಚಗಳಿಂದ, ಅದರಲ್ಲೂ ಯುದ್ಧದಿಂದಾಗಿ ಬೆಲೆಯೇರಿದ್ದ ಕಾಲದ ಪರ್ಯಾಯದಿಂದ ಮಠದ ಸಾಲ ಬೆಳೆದಾಗ, ಆಗಿನ ಮದ್ರಾಸಿನ ಧಾರ್ಮಿಕ ದತ್ತಿ ಮಂಡಳಿ ಆಡಳಿತಕ್ಕೆ ಕೈಹಾಕಿತು. 1954ರ ತೀರ್ಪು ಆಚರಣೆಯ ಅವಶ್ಯ ಭಾಗಗಳನ್ನು ಸಂಪ್ರದಾಯಕ್ಕೆ ಬಿಟ್ಟು, ಆಸ್ತಿಯ ಆಡಳಿತವನ್ನು ಕಾನೂನಿನ ನಿಯಂತ್ರಣಕ್ಕೆ ಒಳಪಡಿಸಿತು. ಮಠಗಳ ಆದಾಯದ ಮೇಲೆ ಆ ಕಾಯಿದೆ ವಿಧಿಸಿದ್ದ ವಂತಿಗೆಯನ್ನು ಮಾತ್ರ, ಅದು ಶುಲ್ಕವಲ್ಲ ತೆರಿಗೆ ಎಂದು ಹೇಳಿ ಹೊಡೆದುಹಾಕಿತು. ಕರ್ನಾಟಕದ 1997ರ ಕಾಯಿದೆಯಾದರೋ ಮಠಗಳನ್ನೇ ಹೊರಗಿಟ್ಟಿತು. ಅದು ತಾರತಮ್ಯವೆಂದು 2006ರಲ್ಲಿ ಹೈಕೋರ್ಟ್ ಕಾಯಿದೆಯನ್ನೇ ರದ್ದುಗೊಳಿಸಿತು, ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಅದು ಜೀವ ಉಳಿಸಿಕೊಂಡಿತು. ಮಠಗಳನ್ನು ಮುಟ್ಟುವ ಧೈರ್ಯ ನಮ್ಮ ಯಾವ ಪಕ್ಷಕ್ಕೂ ಇಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಸೀದಿಗಳನ್ನು ಸರ್ಕಾರ ಮುಟ್ಟುವುದೇ ಇಲ್ಲವೆನ್ನುವವರು, ವಕ್ಫ್ ಮಂಡಳಿಯೂ ಕಾನೂನಿನಿಂದ ಹುಟ್ಟಿದ್ದು, ಅದೂ ವಕ್ಫ್ ಸಂಸ್ಥೆಗಳಿಂದ ವಂತಿಗೆ ಪಡೆಯುತ್ತದೆ ಎಂಬುದನ್ನು ಗಮನಿಸಬೇಕು.

ನನ್ನ ತಕರಾರಿರುವುದು ಗುಡಿಯ ಆಡಳಿತ ನಡೆಸುವ ವ್ಯವಸ್ಥಾಪನಾ ಸಮಿತಿಯ ಬಗ್ಗೆ. ಒಂಬತ್ತು ಸದಸ್ಯರಲ್ಲಿ ಅರ್ಚಕರೊಬ್ಬರು, ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು, ಇಬ್ಬರು ಮಹಿಳೆಯರು ಇರಬೇಕೆಂದು ಕಾನೂನು ಹೇಳುತ್ತದೆ, ಅದು ಒಳ್ಳೆಯದೇ. ಉಳಿದ ಸ್ಥಾನಗಳಿಗೆ ಶಾಸಕರ ಶಿಫಾರಸು ಪತ್ರ ಹಿಡಿದವರು ಸಾಲುಗಟ್ಟುತ್ತಾರೆ. ಸಮಿತಿಗಳನ್ನು ನೇಮಿಸುವ ಧಾರ್ಮಿಕ ಪರಿಷತ್ತೇ ಸರ್ಕಾರದ ನೇಮಕವಾಗಿರುವಾಗ, ಆಡಳಿತ ಬದಲಾದಂತೆ ಗುಡಿಯ ಅಧ್ಯಕ್ಷರೂ ನಿಗಮ ಮಂಡಳಿಗಳ ಅಧ್ಯಕ್ಷರಂತೆ ಬದಲಾಗುತ್ತಾರೆ, ಜಾತ್ರೆಯ ಬ್ಯಾನರಿನಲ್ಲಿ ದೇವರಿಗಿಂತ ದೊಡ್ಡ ಮುಖಗಳು ಕಾಣಿಸಿಕೊಳ್ಳುತ್ತವೆ. ಧರ್ಮ ರಾಜಕೀಯಕ್ಕೆ ಬಂತೆಂದು ಚಿಂತಿಸುವ ನಾವು, ರಾಜಕೀಯ ಗರ್ಭಗುಡಿಯ ಹೊಸಿಲವರೆಗೆ ಹೋಗಿರುವುದನ್ನು ಅಷ್ಟಾಗಿ ಚರ್ಚಿಸುವುದಿಲ್ಲ.

ಆದ್ದರಿಂದ ನನ್ನ ಉತ್ತರ ಹೀಗಿದೆ: ನೇಮಕವನ್ನು ಸಚಿವರಿಂದಲೂ ಶಾಸಕರಿಂದಲೂ ಬಿಡಿಸಬೇಕು, ಲೆಕ್ಕಪರಿಶೋಧನೆಯನ್ನೂ ತಸ್ತೀಕನ್ನೂ ಉಳಿಸಿಕೊಳ್ಳಬೇಕು. 2021ರ ಡಿಸೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ದೇವಸ್ಥಾನಗಳನ್ನು ಸರ್ಕಾರಿ ಹಿಡಿತದಿಂದ ಮುಕ್ತಗೊಳಿಸುವ ಕಾನೂನು ತರುವುದಾಗಿ ಘೋಷಿಸಿದರು. ಅವರ ಅವಧಿ ಮುಗಿದರೂ ಕಾನೂನು ಬರಲಿಲ್ಲ. ಮುಂದೆ ಯಾರೇ ಅಂಥ ಮಸೂದೆ ತಂದರೂ, ನಾನು ಮೊದಲು ಹುಡುಕುವುದು ಕೀಲಿಕೈ ಯಾರ ವಶಕ್ಕೆ ಹೋಗುತ್ತದೆ, ‘ಸಿ’ ವರ್ಗದ ಗುಡಿಯ ಅರ್ಚಕರಿಗೆ ವರ್ಷದ ಹಣ ಯಾರು ಕೊಡುತ್ತಾರೆ ಎಂದು ಹೇಳುವ ಎರಡು ಕಲಮುಗಳನ್ನು.