ಗೋಧಡಿ ತೊಳೆಯಬೇಡಿ

ಪುಣೆಯಲ್ಲಿ ಮಕ್ಕಳನ್ನು ದತ್ತು ಕೊಡಿಸುವ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ವಿಜಯಪುರಕ್ಕೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ಅಲ್ಲಿ ಏನ್ ಕೆಲಸ ಮಾಡ್ತೀಯವ್ವಾ?" ಹೇಳಿದರೆ, "ಪುಣ್ಯದ ಕೆಲಸ ಬಿಡು" ಅನ್ನುತ್ತಾರೆ. ಆಗೆಲ್ಲ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ.

ಕೆಲಸಕ್ಕೆ ಸೇರಿದ ಹೊಸತು. ಆರು ವರ್ಷದ ಅವನು ಹಡಪ್ಸರ್ ಕಡೆಯ ಒಂದು ಮನೆಯಲ್ಲಿ ಫಾಸ್ಟರ್ ಮಗುವಾಗಿ, ಅಂದರೆ ತನ್ನದೇ ಮನೆ ಸಿಗುವವರೆಗೆ ಇನ್ನೊಬ್ಬರ ಆಸರೆಯಲ್ಲಿ, ಬೆಳೆಯುತ್ತಿದ್ದ. ದತ್ತು ತೆಗೆದುಕೊಳ್ಳುವವರು ಸಿಕ್ಕಿದ್ದರು. "ಮೊದಲೇ ಹೇಳಿದ್ರೆ ಅಳ್ತಾನೆ, ಸುಮ್ನೆ ಇರಿ" ಅಂತ ಸಾಕುತ್ತಿದ್ದ ತಾಯಿಗೆ ಹೇಳಿದವಳು ನಾನೇ. ಕಾತ್ರಜ್‌ ಝೂಗೆ ಹುಲಿ ನೋಡಲು ಹೋಗೋಣ ಅಂತ ಅವನನ್ನು ಕರೆದುಕೊಂಡು ಹೊರಟೆವು. ಹುಲಿ ತೋರಿಸಿದ್ದೂ ಹೌದು. ಅಲ್ಲಿಂದ ಹಾಗೇ ಹೊಸ ಅಪ್ಪ ಅಮ್ಮನ ಕಾರು ಹತ್ತಿಸಿದೆವು. ಅವನು ಅಳಲಿಲ್ಲ. 'ಏನೂ ತೊಂದರೆ ಆಗಲಿಲ್ಲ' ಅಂತ ಡೈರಿಯಲ್ಲಿ ಬರೆದುಕೊಂಡೆ.

ಆರು ತಿಂಗಳಾದ ಮೇಲೆ ವಿಚಾರಿಸಲು ಹೋದೆ. ಹೊಸ ತಾಯಿ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಹೊರಗೆ ಹೋಗೋಣ ಅಂದ್ರೆ ಚಪ್ಪಲಿ ಹಾಕ್ಕೊಳ್ಳಲ್ಲ ಮೇಡಂ. ವಾಪಸ್ ಬರ್ತೀವಾ ಅಂತ ಇಪ್ಪತ್ತು ಸಲ ಕೇಳ್ತಾನೆ." ಹುಲಿಯ ಚಿತ್ರ ಇದ್ದ ಪುಸ್ತಕವನ್ನು ಕಪಾಟಿನ ಹಿಂದೆ ತುರುಕಿದ್ದನಂತೆ.

ನಾನು ಆ ಮಗುವನ್ನು ಹೊಸ ಮನೆಗೆ ಮುಟ್ಟಿಸಿದ್ದೆ, ಅಷ್ಟೇ. ಹಳೆ ಮನೆಯಿಂದ ಹೊರಡಿಸಿರಲೇ ಇಲ್ಲ.

ಆಮೇಲೆ ಬಂದವಳು ಏಳು ವರ್ಷದ ಒಬ್ಬ ಹುಡುಗಿ. ಪುಟ್ಟಿ ಅಂತ ಕರೆಯುತ್ತೇನೆ, ಅದು ಅವಳ ಹೆಸರಲ್ಲ. ತನ್ನವರು ಅನ್ನುವವರು ಯಾರೂ ಪತ್ತೆಯಾಗಿರಲಿಲ್ಲ. ಎರಡು ವರ್ಷ ದಾಟಿದ ಇಂಥ ಮಗುವಿಗೆ ನಾಲ್ಕು ತಿಂಗಳೊಳಗೆ ಹುಡುಕಾಟ ಮುಗಿಸಿ, ದತ್ತು ಕೊಡಬಹುದು ಅಂತ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸಬೇಕು. ಕಾಗದದ ಲೆಕ್ಕ ಹಾಗಿದೆ. ಅಷ್ಟರಲ್ಲಿ ಪುಟ್ಟಿ ತನ್ನನ್ನು ಸಾಕುತ್ತಿದ್ದ ಫಾಸ್ಟರ್ ತಾಯಿಯನ್ನು 'ಆಯಿ' ಅನ್ನತೊಡಗಿದ್ದಳು. ಮರಾಠಿಯಲ್ಲಿ ಆಯಿ ಅಂದರೆ ಅಮ್ಮ.

"ಹಾಗಾದ್ರೆ ಅವರೇ ಇಟ್ಟುಕೊಳ್ಳಬಹುದಿತ್ತಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕರಿಂದ ಎಂಟು ವರ್ಷದ ಮಗುವನ್ನು ದತ್ತು ತೆಗೆದುಕೊಳ್ಳುವ ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ 100 ದಾಟಬಾರದು. ಇವರದು 113. ಫಾಸ್ಟರ್ ಮನೆಗೆ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆಂದು ತಿಂಗಳಿಗೆ 4,000 ರೂಪಾಯಿ ಬರುತ್ತದೆ. ಅದಕ್ಕೋಸ್ಕರ ಸಾಕುತ್ತಾರೆ ಅನ್ನುವವರು ಒಂದು ವಾರ ಆ ಮನೆಯಲ್ಲಿ ಇದ್ದು ನೋಡಲಿ.

ಈ ಸಲ ಮೂರು ವಾರ ಮೊದಲೇ ಪುಟ್ಟಿಗೆ ಹೇಳಿದೆವು. ಅವಳೂ ಅಳಲಿಲ್ಲ. ಮರುದಿನದಿಂದ ತುಂಬಾ ಒಳ್ಳೆಯವಳಾದಳು. ತಟ್ಟೆ ತೊಳೆದಿಡುವುದು, ಹಾಸಿಗೆ ಮಡಚುವುದು, ಬೇಡ ಅಂದರೂ ಕಸ ಗುಡಿಸುವುದು. ಹಠ ಮಾಡುವ ಮಗುವನ್ನು ಕಂಡರೆ ನನಗೆ ಈಗ ಭಯ ಇಲ್ಲ. ಹೀಗೆ ಒಮ್ಮೆಗೇ ಜಾಣೆ ಆಗುವ ಮಗುವೇ ನಿದ್ದೆ ಕೆಡಿಸುತ್ತದೆ. ಏನೋ ತಪ್ಪು ಮಾಡಿದ್ದೀನಿ, ಸರಿ ಮಾಡಿಕೊಂಡರೆ ಇಲ್ಲೇ ಇಟ್ಟುಕೊಳ್ಳುತ್ತಾರೆ ಅಂತ ಅದರ ಲೆಕ್ಕ.

ಆಯಿ ಬೇರೆ ಆಟ ಹೂಡಿದ್ದರು. ಸಣ್ಣದಕ್ಕೂ ಗದರುತ್ತಿದ್ದರು. ಎರಡು ದಿನ ನನಗೂ ಸಿಟ್ಟು ಬಂತು. ಮೂರನೇ ದಿನ ಮೆಟ್ಟಿಲ ಹತ್ತಿರ ತಡೆದು ಕೇಳಿದಾಗ ಸೆರಗಲ್ಲಿ ಮುಖ ಒರೆಸಿಕೊಂಡು ಅಂದರು: "ನನ್ನ ಮೇಲೆ ಬೇಜಾರಾದ್ರೆ ಹೋಗೋದು ಸುಲಭ ಆಗುತ್ತಲ್ಲ ಅಂತ."

ಐದು ವರ್ಷ ದಾಟಿದ ಮಗುವಿನ ಒಪ್ಪಿಗೆ ಕೇಳಬೇಕು ಅಂತ ನಿಯಮವಿದೆ. ಒಳ್ಳೆಯ ನಿಯಮ. ಆದರೆ ಮಗು 'ಹೂಂ' ಅನ್ನುವ ಮೊದಲು ತಿರುಗಿ ಯಾರ ಮುಖ ನೋಡುತ್ತದೆ ಅನ್ನುವುದು ಫಾರಂನಲ್ಲಿ ಬರುವುದಿಲ್ಲ. ಪುಟ್ಟಿ ಪ್ರತಿ ಸಲವೂ ಆಯಿಯ ಮುಖ ನೋಡುತ್ತಿದ್ದಳು. ಹಾಗಾಗಿ ನಾನು ಪುಟ್ಟಿಯನ್ನು ಬಿಟ್ಟು ಆಯಿಯ ಜೊತೆ ಕೂತೆ. ನಾಲ್ಕು ಮಧ್ಯಾಹ್ನ. ಐದನೆಯ ದಿನ ಅವರು ಬಟಾಣಿ ಸುಲಿಯುತ್ತಾ, ಪುಟ್ಟಿಯನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ನೀನು ಹೋಗ್ತೀಯ ಅಂತ ನನಗೆ ಸಂಕಟ ಇದೆ. ನೀನೇನೂ ತಪ್ಪು ಮಾಡಿಲ್ಲ. ಅಲ್ಲಿ ಹೋಗಿ ನೀನು ನಕ್ಕರೆ ನನಗೆ ಸಿಟ್ಟು ಬರಲ್ಲ."

ಆ ರಾತ್ರಿ ಪುಟ್ಟಿ ಗಂಟೆಗಟ್ಟಲೆ ಅತ್ತಳಂತೆ. ಬೆಳಿಗ್ಗೆ ತಟ್ಟೆ ತೊಳೆಯಲಿಲ್ಲ. ನನಗೆ ಸಮಾಧಾನ ಆಯಿತು.

ದತ್ತು ತೆಗೆದುಕೊಳ್ಳುವ ದಂಪತಿ ನಮ್ಮ ವಿಜಯಪುರ ಕಡೆಯವರು, ಚಿಂಚವಡದಲ್ಲಿ ಮನೆ. ಅವರನ್ನೇ ಆಯಿಯ ಮನೆಗೆ ಬರಹೇಳಿದೆ, ಮೂರು ಸಲ. ಮೊದಲ ಸಲ ಬರೀ ಚಹಾ ಕುಡಿದು ಹೋದರು. ಎರಡನೇ ಸಲ ಆ ತಾಯಿ ಸಾಬೂದಾಣೆ ಖಿಚಡಿ ಮಾಡುವುದನ್ನು ಆಯಿಯಿಂದ ಕಲಿತರು. ಅವರಿಗೊಂದು ಅಳುಕಿತ್ತು: "ಮೇಡಂ, ಅವರನ್ನ ಆಯಿ ಅಂತಾಳ. ನನ್ನ ಏನಂತಾಳೋ?" ನನಗೆ ನಗು ಬಂತು. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಆಯಿ, ಮುತ್ಯಾ ಅಂತಲೇ ಅಲ್ವಾ ನಾವೆಲ್ಲ ಬೆಳೆದದ್ದು? "ಅವರು ಆಯಿಯಾಗೇ ಇರಲಿ, ನೀವು ಅವ್ವ ಆಗ್ರಿ" ಅಂದೆ. ಯಾವ ಟ್ರೇನಿಂಗ್‌ನಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಊರಿನ ಮಾತು ಕೈ ಹಿಡಿಯಿತು.

ಹೊರಡುವ ದಿನ ಆಯಿ ಹಳೆ ಸೀರೆಗಳಿಂದ ಹೊಲಿದ ಗೋಧಡಿಯನ್ನು, ಅಂದರೆ ನಮ್ಮ ಕೌದಿಯನ್ನು, ಮಡಚಿ ಕೊಟ್ಟರು. ಫೋಟೋ ಅಂಟಿಸಿದ ಒಂದು ನೋಟ್‌ಬುಕ್ಕೂ ಇತ್ತು. ಬಾಗಿಲು, ಶಾಲೆ, ಕೆಳಗಿನ ನಾಯಿ, ಎಲ್ಲ ಅದರಲ್ಲಿ. ಹೊಸ ತಾಯಿಗೆ ನಾನು ಹೇಳಿದ ಕೊನೆಯ ಮಾತು, "ಕೌದಿ ತೊಳೀಬೇಡ್ರಿ. ಆ ಮನೆಯ ವಾಸನೆ ಇರಲಿ."

2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಪುಟ್ಟಿಯದೂ ಹಾಗೇ ಆಯಿತು. ಮಗು ಹೊಸ ಮನೆ ಸೇರಿದ ದಿನದಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ನಾವು ಅದನ್ನು ನೋಡಿ ವರದಿ ಬರೆಯಬೇಕು. ಆಯಿಯನ್ನು ನೋಡಿ ಬನ್ನಿ ಅಂತ ಯಾರೂ ಹೇಳುವುದಿಲ್ಲ. ನಾನು ಮುಂದಿನ ವಾರವೇ ಹೋದೆ. ಊಟಕ್ಕೆ ಮೂರು ತಟ್ಟೆ ಹಾಕಿ, ಒಂದನ್ನು ವಾಪಸ್ ಇಡುತ್ತಿದ್ದರು.

ಮೊದಲ ಆರು ತಿಂಗಳ ಭೇಟಿಗೆ ಚಿಂಚವಡಕ್ಕೆ ಹೋದಾಗ ಬಾಗಿಲಲ್ಲೇ ಆ ತಾಯಿ ಪಿಸುಗುಟ್ಟಿದರು, "ಇನ್ನೂ ತೊಳದಿಲ್ರೀ ಮೇಡಂ. ಈಗ ಬ್ಯಾರೇನೇ ವಾಸನಿ ಬರಾಕತ್ತೇತಿ. ಯಾವಾಗ ತೊಳೀಲಿ?"

ಒಳಗಿಂದ ಪುಟ್ಟಿ ಕೂಗಿದಳು. "ಐತವಾರ ತೊಳಿ ಅವ್ವಾ. ಬಿಸಲು ಇರತೈತಿ."