ಮುರಿದದ್ದು ತೊಡೆ, ಬಾತದ್ದು ಮುಖ

ನಮ್ಮ ಕಾಕಾನ ತೊಡೆಯ ಮೇಲೆ ಟ್ರ್ಯಾಕ್ಟರ್ ಮಗುಚಿ ಬಿದ್ದದ್ದು ಮುಳಗುಂದದ ಕಡೆಯ ಎರೆ ಹೊಲದಲ್ಲಿ, ಹಿಂಗಾರಿ ಜೋಳ ಬಿತ್ತುವ ಹೊತ್ತಿನಲ್ಲಿ. ಊರವರು ಸೇರಿ ಟ್ರ್ಯಾಕ್ಟರ್ ಎತ್ತಿ ಕಾಲು ಬಿಡಿಸುವಷ್ಟರಲ್ಲಿ 2 ತಾಸು ಹೋಗಿತ್ತು. ಗದಗಿನಲ್ಲಿ ಸಲೈನ್ ಹಚ್ಚಿ, ಕಾಲಿಗೆ ಆಸರೆ ಕಟ್ಟಿ, ಹುಬ್ಬಳ್ಳಿಗೆ ಕಳಿಸಿದರು. ಆಂಬುಲೆನ್ಸ್‌ನಲ್ಲಿ ನಾನೇ ಜೊತೆಗಿದ್ದೆ. ಅಣ್ಣಿಗೇರಿ ದಾಟುವಾಗ ಕಾಕಾ, "ಬಿತ್ತಿಗಿ ಅರ್ಧಕ್ಕ ನಿಂತೈತಿ, ಯಾರಿಗರ ಹೇಳು" ಅಂದ. ಅಷ್ಟು ಸ್ಪಷ್ಟವಾಗಿ ಮಾತಾಡುತ್ತಿದ್ದ. ಬರೀ ಕಾಲು ಅಲ್ವಾ, ಒಂದು ಆಪರೇಷನ್ ಆದರೆ ಮುಗೀತು ಅಂದುಕೊಂಡೆ.

ಅವತ್ತು ರಾತ್ರಿ ಗಾಯ ತೊಳೆದು, ಸತ್ತ ಮಾಂಸ ತೆಗೆದು, ಮೂಳೆಗೆ ಹೊರಗಿನಿಂದ ರಾಡು ಸಿಕ್ಕಿಸಿದರು, ಅಷ್ಟೇ. ಒಳಗೆ ರಾಡು ಹಾಕುವ ದೊಡ್ಡ ಆಪರೇಷನ್ ಈಗಲೇ ಬೇಡ ಅಂದರು. ಯೂರಿನ್ ಬ್ಯಾಗಿನಲ್ಲಿ ಬರುತ್ತಿದ್ದದ್ದು ಕಪ್ಪು ಚಹಾದ ಬಣ್ಣದ್ದು. ಜಜ್ಜಿದ ಮಾಂಸದಿಂದ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಇಳಿದು ಕಿಡ್ನಿಗೆ ಏಟು ಕೊಡುತ್ತದೆ, ಅದಕ್ಕೇ ಇಷ್ಟು ಸಲೈನ್ ಏರಿಸುತ್ತಿದ್ದೇವೆ ಅಂತ ಡಾಕ್ಟರ್ ಹೇಳಿದ್ದರು. ನಮ್ಮ ಕಿವಿಗೆ ಅದು ಬೀಳಲೇ ಇಲ್ಲ. ನಮ್ಮ ಕಣ್ಣೆಲ್ಲ ಮೂಳೆಯ ಮೇಲೆ.

3ನೇ ದಿನ ಕಾಕಾನ ಮುಖ ಬಾತಿತು. ಕೈಬೆರಳು ಎಷ್ಟು ದಪ್ಪಗಾದವು ಅಂದರೆ ಉಂಗುರ ಕತ್ತರಿಸಿ ತೆಗೆಯಬೇಕಾಯಿತು. 102 ಡಿಗ್ರಿ ಜ್ವರ, ನಾಡಿ 130, ನಿಮಿಷಕ್ಕೆ 34 ಉಸಿರು, ಬಿಳಿ ರಕ್ತಕಣ 18,000. ಸಂಜೆಗೆ ವೆಂಟಿಲೇಟರ್ ಹಾಕಿದರು. ಕಾಕಾನ ಮಗ ಐಸಿಯು ಬಾಗಿಲಲ್ಲೇ ಡಾಕ್ಟರ ಮೇಲೆ ಕೂಗಾಡಿದ. ಆಪರೇಷನ್ ಮಾಡದೆ ಸುಮ್ನೆ ಮಲಗಿಸಿದಿರಿ, ಗಾಯದೊಳಗೆ ಕೀವಾಗಿದೆ ಅಂದ. ನಾನೂ ಅವನ ಪರ ನಿಂತೆ.

ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಕಲ್ಚರ್ ವರದಿಯಲ್ಲಿ ಯಾವ ರೋಗಾಣುವೂ ಬಂದಿಲ್ಲ ಅಂತ ತೋರಿಸಿದರು. ಆಮೇಲೆ ಹೇಳಿದ್ದನ್ನು ನಾನು ಈವರೆಗೂ ಮರೆತಿಲ್ಲ. ನಮ್ಮ ಜೀವಕೋಶಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಇವೆಯಲ್ಲ, ಅವು ನೂರು ಕೋಟಿ ವರ್ಷಗಳಿಗೂ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾಗಳ ಸಂತತಿ. ಇವತ್ತಿಗೂ ಅವುಗಳ ಡಿಎನ್‌ಎ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹೋಲುತ್ತದೆ. ಮಾಂಸ ಜಜ್ಜಿದಾಗ ಅದು ರಕ್ತಕ್ಕೆ ಚೆಲ್ಲುತ್ತದೆ, ಆಗ ನಮ್ಮ ಬಿಳಿ ರಕ್ತಕಣಗಳು ಅದನ್ನು ರೋಗಾಣು ಅಂತಲೇ ತಿಳಿದು ಮೈತುಂಬ ಯುದ್ಧಕ್ಕಿಳಿಯುತ್ತವೆ. ಬಾಸ್ಟನ್ನಿನ ಸಂಶೋಧಕರು 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದಾರೆ, ಆಮೇಲೆ ಹುಡುಕಿ ಓದಿದೆ. ಆ ಯುದ್ಧದಿಂದ ಏಳುವ ಉರಿಯೂತಕ್ಕೆ ಸಣ್ಣ ರಕ್ತನಾಳಗಳ ಗೋಡೆ ಸೋರಲು ಶುರುವಾಗುತ್ತದೆ. ಮುಖ ಬಾತದ್ದು ಅದಕ್ಕೇ. ಶ್ವಾಸಕೋಶದೊಳಗೂ ನೀರು ತುಂಬಿದ್ದು ಅದಕ್ಕೇ. ಇಂಥ ಹೊತ್ತಿನಲ್ಲಿ ಮೂಳೆಯೊಳಗೆ ರಾಡು ಹೊಡೆದರೆ ಮಜ್ಜೆಯ ಕೊಬ್ಬು ಶ್ವಾಸಕೋಶಕ್ಕೆ ಹೋಗಬಹುದು, ದೇಹಕ್ಕೆ ಅದು ಎರಡನೇ ಪೆಟ್ಟು. ಕಾಯುವುದೂ ಚಿಕಿತ್ಸೆಯೇ ಆಗಿತ್ತು. ಕಾಕಾನ ಮಗ ಎದ್ದು ಡಾಕ್ಟರ ಕೈ ಹಿಡಿದುಕೊಂಡ.

ಈ ಉರಿಯೂತವನ್ನು ಒಂದೇ ಸಲಕ್ಕೆ ಆರಿಸುವ ಔಷಧ ಇಲ್ಲವಂತೆ. ಅದು ತಾನಾಗಿ ತಣಿಯುವ ತನಕ ಉಸಿರಾಟ, ರಕ್ತದೊತ್ತಡ, ಕಿಡ್ನಿಗಳ ಕೆಲಸವನ್ನು ಹೊರಗಿನಿಂದ ನಡೆಸಿಕೊಡಬೇಕು, ಅಷ್ಟೇ. 4ನೇ ದಿನಕ್ಕೆ ಯೂರಿನ್ ಹೆಚ್ಚುಕಡಿಮೆ ನಿಂತೇ ಹೋಯಿತು. 3 ಸಲ ಡಯಾಲಿಸಿಸ್ ಆಯಿತು. ದಿನಕ್ಕೆ 400 ಎಂಎಲ್ ಕೂಡ ಬರದಿದ್ದರೆ ಕಿಡ್ನಿ ತೀರಾ ಸೋತಿದೆ ಅಂತ ಲೆಕ್ಕ ಎಂದು ನರ್ಸ್ ಹೇಳಿದ ಮೇಲೆ ಕಾಕೂಗೆ ಅದೊಂದೇ ಜಪ. ಕಾಲಿನ ಸುದ್ದಿಯನ್ನೇ ಅವಳು ಬಿಟ್ಟಳು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಇವತ್ತು ಎಷ್ಟು ಬಂತ್ರೀ?" ಅಂತ ಕೇಳಿ, ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಡುವಳು. 60. 45. 110. 240.

11ನೇ ದಿನ ಪುಸ್ತಕ ಮನೆಯಲ್ಲೇ ಉಳಿದಿತ್ತು. ನರ್ಸ್ "650" ಅಂದಳು. ಕಾಕು ನನ್ನ ಜೇಬಿನಿಂದ ಪೆನ್ನು ಕಿತ್ತುಕೊಂಡು ಅಂಗೈ ಮೇಲೇ ಬರೆದುಕೊಂಡಳು.